ಎರಡು ಬೆರಳು

ಆಘಾತದ ನೆನಪುಗಳಿಗೆ ಕೊಡುವ ಇಎಂಡಿಆರ್ ಎಂಬ ಮನೋಚಿಕಿತ್ಸೆಯನ್ನು ನಾನು ಕಲಿತಾಗ ಅದಕ್ಕೆ ಬೇಕಾಗಿದ್ದ ಸಲಕರಣೆ ಎರಡು ಬೆರಳು ಮಾತ್ರ. ತೋರುಬೆರಳು, ನಡುಬೆರಳು ಜೋಡಿಸಿ, ಎದುರು ಕೂತವರ ಮುಖದಿಂದ ಒಂದಡಿ ದೂರದಲ್ಲಿ ಎಡಕ್ಕೂ ಬಲಕ್ಕೂ ಆಡಿಸಬೇಕು. ಅವರು ತಲೆ ಅಲುಗಿಸದೆ ಕಣ್ಣಲ್ಲೇ ಹಿಂಬಾಲಿಸಬೇಕು. ಮನಸ್ಸಿನಲ್ಲಿ ಮಾತ್ರ ಆ ಕೆಟ್ಟ ನೆನಪು. ಇಪ್ಪತ್ತು ಇಪ್ಪತ್ತೈದು ಸಲ ಆಡಿಸಿ ನಿಲ್ಲಿಸಿ, ಉಸಿರೆಳೆದುಕೊಳ್ಳಲು ಹೇಳಿ, “ಈಗೇನು ಬಂತು?” ಎಂದು ಕೇಳುವುದು. ಬಂದದ್ದನ್ನು ಅವರು ವಿವರವಾಗಿ ಹೇಳಲೇಬೇಕೆಂದಿಲ್ಲ. “ಅದನ್ನೇ ಹಿಡ್ಕೊಂಡು ಹೋಗಿ” ಎಂದು ಮತ್ತೆ ಬೆರಳು. ದಿನಕ್ಕೆ ಮೂರು ಸಿಟ್ಟಿಂಗ್ ಆದರೆ ರಾತ್ರಿ ಭುಜ ಹಿಡಿದುಕೊಳ್ಳುತ್ತಿತ್ತು. ಮನಸ್ಸಿನ ಡಾಕ್ಟರಿಗೆ ತೋಳುನೋವು ಎಂದು ಮನೆಯಲ್ಲಿ ನಗುತ್ತಿದ್ದರು.

ಕರೆದುಕೊಂಡು ಬಂದ ನೆಂಟರು ಬಾಗಿಲ ಸಂದಿಯಲ್ಲಿ ಇದನ್ನು ಕಂಡರೆ ಮುಗಿಯಿತು. “ವಶೀಕರಣಾನಾ ಮೇಡಂ?” ಎಂದು ಒಬ್ಬರು ಕೇಳಿದ್ದರು. ಅವರನ್ನು ದೂರಿ ಫಲವಿಲ್ಲ, ಮೊದಲ ಸಲ ನೋಡಿದಾಗ ನನಗೂ ಇದು ಕಣ್ಕಟ್ಟಿನಂತೆಯೇ ಕಂಡಿತ್ತು. ಇದರ ಹುಟ್ಟಿನ ಕತೆಯೂ ಹಾಗೇ ಇದೆ. 1987ರಲ್ಲಿ ಫ್ರಾನ್ಸಿನ್ ಶಪಿರೋ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಪಾರ್ಕಿನಲ್ಲಿ ನಡೆಯುತ್ತಿದ್ದಾಗ, ಕಣ್ಣು ಅತ್ತಿತ್ತ ಓಡಿದಂತೆಲ್ಲ ತನ್ನನ್ನು ಕಾಡುತ್ತಿದ್ದ ಯೋಚನೆಗಳು ಸಡಿಲವಾಗುವುದನ್ನು ಗಮನಿಸಿದರಂತೆ. 1989ರಲ್ಲಿ ಇಪ್ಪತ್ತೆರಡು ಜನರ ಮೇಲೆ, ತಲಾ ಒಂದೇ ಸಿಟ್ಟಿಂಗ್ ಮಾಡಿ, ಅವರು ಮೊದಲ ಲೇಖನ ಪ್ರಕಟಿಸಿದರು. ಒಂದೇ ಸಿಟ್ಟಿಂಗ್! ನಮ್ಮ ಕಸುಬಿನಲ್ಲಿ ಆ ಮಾತು ಮಾಡಿದ ಗದ್ದಲ ಸಣ್ಣದಲ್ಲ.

2001ರ ಭುಜ್ ಭೂಕಂಪ, 2004ರ ಸುನಾಮಿ, ಇವುಗಳ ನಂತರ ನಮ್ಮ ದೇಶದಲ್ಲಿ ಇದನ್ನು ಕಲಿತವರು ಹೆಚ್ಚಿದರು. ನಾನು ಕಲಿತದ್ದೂ ಆ ಅಲೆಯಲ್ಲೇ. ಆಗ ಬೆಂಗಳೂರಿನಲ್ಲಿ ನನ್ನದು ಒಂದೇ ಕೋಣೆಯ ಕ್ಲಿನಿಕ್ಕು, ಕೆಳಗೆ ಜೆರಾಕ್ಸ್ ಅಂಗಡಿ. ಮೊದಲು ಸಿಕ್ಕವರು ತುಮಕೂರು ರಸ್ತೆಯಲ್ಲಿ ಲಾರಿ ಅಪಘಾತದಲ್ಲಿ ಬದುಕುಳಿದ ಡ್ರೈವರ್. (ಇಲ್ಲಿ ಬರುವ ಎಲ್ಲರ ವಿವರಗಳನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ.) ಹಾರನ್ ಕೇಳಿದರೆ ಬೆವರುತ್ತಿದ್ದ ಮನುಷ್ಯ ನಾಲ್ಕನೆಯ ಸಿಟ್ಟಿಂಗಿಗೆ ಬರಲೇ ಇಲ್ಲ. ಫೋನ್ ಮಾಡಿದರೆ, “ಲೋಡ್ ತಗೊಂಡು ಹುಬ್ಬಳ್ಳೀಗ್ ಹೋಗ್ತಿದೀನಿ ಮೇಡಂ” ಅಂದರು. ನನಗೆ ಕೋಡು ಮೂಡಿತು.

ಆ ಕೋಡು ಮುರಿದವರು ಇಬ್ಬರು ಅಕ್ಕತಂಗಿಯರು.

ಒಂದೇ ಮನೆ, ಒಂದೇ ಮಾವ, ಬೇಸಿಗೆ ರಜೆಯ ಅದೇ ಅಟ್ಟ. ಅಕ್ಕ ಮೊದಲು ಬಂದರು, ಆಗ ಮೂವತ್ತೈದರ ಆಸುಪಾಸು. ಈ ಪದ್ಧತಿಯಲ್ಲಿ ನೆನಪಿನ ಸಂಕಟಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿಸುತ್ತೇವೆ. ಒಂಬತ್ತರಲ್ಲಿದ್ದದ್ದು ಆರನೆಯ ಸಿಟ್ಟಿಂಗಿಗೆ ಒಂದಕ್ಕೆ ಇಳಿಯಿತು. ಅಟ್ಟದ ಏಣಿ ಈಗ ಬರೀ ಏಣಿಯಾಗಿ ಕಾಣುತ್ತದೆ ಅಂದರು. ಅವರೇ ತಂಗಿಯನ್ನು ಕಳಿಸಿದ್ದು.

ತಂಗಿಯ ಜೊತೆ ನಾನು ಅವಸರ ಮಾಡಿದೆ. ಅಕ್ಕನಲ್ಲಿ ಕಂಡ ದಾರಿ ಗೊತ್ತಿದೆಯಲ್ಲ ಎಂಬ ಭರವಸೆ. ಎರಡನೆಯ ಸಿಟ್ಟಿಂಗಿನಲ್ಲೇ ಅಟ್ಟಕ್ಕೆ ಕೈಹಾಕಿದೆ. ಅಟ್ಟದ ಹಿಂದಿನಿಂದ ಅಡುಗೆಮನೆ ಬಂತು, ಅಡುಗೆಮನೆಯಿಂದ ಅಮ್ಮ ಮುಖ ತಿರುಗಿಸಿಕೊಂಡದ್ದು ಬಂತು, ಅದರ ಬೆನ್ನಿಗೆ ಇನ್ನೇನೇನೋ. ನಂತರ ಏನೂ ಬರಲಿಲ್ಲ. ಕಣ್ಣು ಬೆರಳನ್ನು ಹಿಂಬಾಲಿಸುತ್ತಿತ್ತು, ಆದರೆ ಕಣ್ಣಿನ ಹಿಂದೆ ಅವರು ಇರಲಿಲ್ಲ. “ಎಷ್ಟು?” ಎಂದು ಕೇಳಿದೆ. “ಸೊನ್ನೆ” ಅಂದರು. ನಾನು ಪೆದ್ದಿ, ಸೊನ್ನೆ ಎಂದು ಬರೆದುಕೊಂಡೆ. ಮರಗಟ್ಟಿದ್ದಕ್ಕೂ ಸಮಾಧಾನಕ್ಕೂ ಒಂದೇ ಅಂಕ ಬೀಳುತ್ತದೆ ಎಂದು ತಿಳಿಯುವಷ್ಟು ನಾನಿನ್ನೂ ಪಳಗಿರಲಿಲ್ಲ. ಆ ವಾರ ಅವರು ನಿದ್ದೆ ಮಾಡಲಿಲ್ಲ, ಕೆಲಸಕ್ಕೆ ಹೋಗಲಿಲ್ಲ, ಮತ್ತೆ ಬರಲೂ ಇಲ್ಲ. ಇದೆಲ್ಲ ನನಗೆ ಅಕ್ಕನಿಂದ ತಿಳಿಯಿತು.

ಅದೇ ಹೊತ್ತಿಗೆ, 2007ರಲ್ಲಿ, ಬಾಸ್ಟನ್ನಿನ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮತ್ತು ಸಂಗಡಿಗರ ಒಂದು ಅಧ್ಯಯನ ಬಂತು. ಎಂಬತ್ತೆಂಟು ಜನರನ್ನು ಮೂರು ಗುಂಪು ಮಾಡಿ, ಇಎಂಡಿಆರ್, ಫ್ಲುಯಾಕ್ಸೆಟಿನ್ ಮಾತ್ರೆ, ಸುಳ್ಳುಮಾತ್ರೆ, ಈ ಮೂರನ್ನು ಹೋಲಿಸಿದ್ದರು. ಇಎಂಡಿಆರ್ ಗೆದ್ದಿತೆಂದು ನಮ್ಮವರೆಲ್ಲ ಹೇಳಿಕೊಂಡು ತಿರುಗಿದರು. ನಾನು ಒಂದು ಸಾಲಿನ ಮೇಲೆಯೇ ನಿಂತುಬಿಟ್ಟೆ. ಎಂಟು ವಾರದ ಚಿಕಿತ್ಸೆ ಮುಗಿದು ಆರು ತಿಂಗಳಾದಾಗ, ಇಎಂಡಿಆರ್ ಗುಂಪಿನಲ್ಲಿ ದೊಡ್ಡವರಾದ ಮೇಲೆ ಆಘಾತವಾಗಿದ್ದವರಲ್ಲಿ ಶೇ. 75 ಮಂದಿಗೆ ಲಕ್ಷಣಗಳೇ ಉಳಿದಿರಲಿಲ್ಲ. ಬಾಲ್ಯದಲ್ಲಿ ಆಗಿದ್ದವರಲ್ಲಿ ಅಂಥವರು ಶೇ. 33 ಮಾತ್ರ. ನನ್ನ ಲಾರಿ ಡ್ರೈವರೂ ಆ ಅಕ್ಕತಂಗಿಯರಲ್ಲಿ ತಂಗಿಯೂ ಆ ಎರಡು ಅಂಕಿಗಳಲ್ಲಿ ಕೂತಿದ್ದ ಹಾಗಿತ್ತು. ಡ್ರೈವರಿಗೆ ಅಪಘಾತದ ಮುಂಚೆ ಒಂದು ಬದುಕಿತ್ತು, ಅಲ್ಲಿಗೆ ವಾಪಸು ಹೋದರು. ಅಟ್ಟಕ್ಕಿಂತ ಮುಂಚಿನದು ಆ ಹುಡುಗಿಯರಿಗೆ ಎಲ್ಲಿತ್ತು?

ಹಾಗಾದರೆ ಅಕ್ಕನಿಗೆ ಹೇಗೆ ವಾಸಿಯಾಯಿತು? ಆಕೆ ಮೂರು ವರ್ಷ ಅಜ್ಜಿಯ ಮನೆಯಲ್ಲಿದ್ದು ಶಾಲೆಗೆ ಹೋಗಿದ್ದರು. ಅಜ್ಜಿಯ ಮಡಿಲೇ ಕಾರಣವೆಂದು ನಾನು ಬಹಳ ವರ್ಷ ಕಿರಿಯರಿಗೆ ಪಾಠ ಹೇಳಿದೆ. ಆಮೇಲೆ ಅನಾಥಾಲಯದಲ್ಲಿ ಬೆಳೆದ, ಅಜ್ಜಿಯ ಮುಖವನ್ನೇ ಕಾಣದ ಒಬ್ಬರು ಹತ್ತು ಸಿಟ್ಟಿಂಗಿನಲ್ಲಿ ಚೇತರಿಸಿಕೊಂಡರು. ಅಂದಿನಿಂದ ಆ ಪಾಠ ನಿಲ್ಲಿಸಿದೆ.

ಬೆರಳು ಬೇಕೇ ಬೇಡವೇ ಎಂಬ ಜಗಳವೂ ಆ ವರ್ಷಗಳಲ್ಲಿ ಜೋರಾಗಿತ್ತು. ಕಣ್ಣಿನ ಚಲನೆಯಿಂದ ಹೆಚ್ಚಿನ ಲಾಭವೇನೂ ಇಲ್ಲವೆಂದು 2001ರ ಒಂದು ವಿಶ್ಲೇಷಣೆ, ಇದೆಯೆಂದು 2013ರ ಇನ್ನೊಂದು. 2013ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಶಿಫಾರಸು ಮಾಡಿತು. ವಾದಿಸುವವರು ವಾದಿಸಿದರು, ನನ್ನ ತೋಳು ನೋಯುತ್ತಲೇ ಇತ್ತು.

ಬದಲಾದದ್ದು ಬೆರಳಾಡಿಸುವ ಮುಂಚಿನ ಕೆಲಸ. ಎಂಟು ಹಂತಗಳ ಪದ್ಧತಿಯಲ್ಲಿ ಎರಡನೆಯದು ತಯಾರಿ. ಮೊದಮೊದಲು ಅದನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದ ನಾನು ಆಮೇಲೆ ತಿಂಗಳುಗಟ್ಟಲೆ ಅಲ್ಲೇ ಕೂರತೊಡಗಿದೆ. ಸುರಕ್ಷಿತ ಎನಿಸುವ ಒಂದು ಜಾಗವನ್ನು ನೆನೆಸಿಕೊಳ್ಳಿ ಎನ್ನುವುದು ಅದರ ಒಂದು ಅಭ್ಯಾಸ. ಕೈಪಿಡಿಯ ಉದಾಹರಣೆಗಳು ಸಮುದ್ರತೀರ, ಕಾಡು, ತೋಟ. ನಮ್ಮಲ್ಲಿ ಒಬ್ಬಾಕೆ ಮೂರು ವಾರ ಹುಡುಕಿ ಕೊನೆಗೆ ಹೇಳಿದ್ದು: “ಕೆಎಸ್‌ಆರ್‌ಟಿಸಿ ಬಸ್ಸು, ಕಿಟಕಿ ಸೀಟು. ಬಸ್ಸು ಓಡ್ತಾ ಇರ್ಬೇಕು. ನಿಂತ್ರೆ ಯಾರಾದ್ರೂ ಹತ್ಬೋದು.” ಸರಿ, ಬಸ್ಸನ್ನು ನಿಲ್ಲಿಸದೆಯೇ ಕೆಲಸ ಮಾಡಿದೆವು.

ಅಂಕಗಳೂ ನಮ್ಮ ಮಣ್ಣಿಗೆ ಹೊಂದಿಕೊಂಡವು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಸೊನ್ನೆ ಹತ್ತರ ಲೆಕ್ಕಕ್ಕೆ ಒಲಿಯದೆ ಆಣೆಯಲ್ಲಿ ಹೇಳುತ್ತಿದ್ದರು. ಹದಿನಾರಾಣೆಯಿಂದ ಶುರುವಾಗಿ ನಾಲ್ಕಾಣೆಗೆ ಬಂದು ನಿಂತಿತು. ಇನ್ನೂ ಇಳಿಸೋಣವೇ ಅಂದರೆ, “ಬೇಡ ಕಣವ್ವ, ಅದ್ ಇರ್ಲಿ. ಪೂರ್ತಿ ಹೋದ್ರೆ ನಮ್ಮವ್ವನ್ ಮುಖಾನೂ ಹೊಂಟೋಯ್ತದೆ” ಅಂದರು. ಹೊಡೆದದ್ದೂ ಆ ಅವ್ವನೇ. ಫೈಲು ಮುಚ್ಚಿ ಕಾಫಿ ತರಿಸಿದೆ.

2020ರ ಲಾಕ್‌ಡೌನ್ ಬಂದಾಗ ಕೋಣೆ ಮುಚ್ಚಿತು. ಪರದೆಯ ಮೇಲೆ ಓಡುವ ಚುಕ್ಕಿ ಬೆರಳಿನ ಬದಲಿಗೆ ಬಂತು. ಅದೂ ಆಗದವರು ಎರಡು ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟು ಚಿಟ್ಟೆಯ ರೆಕ್ಕೆಯಂತೆ ತಮ್ಮನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. 1990ರ ದಶಕದಲ್ಲಿ ಮೆಕ್ಸಿಕೋದ ಚಂಡಮಾರುತ ಸಂತ್ರಸ್ತ ಮಕ್ಕಳಿಗಾಗಿ ಹುಟ್ಟಿದ ಉಪಾಯ ಅದು. ಉಪಾಯಕ್ಕೆ ಕೊರತೆಯಿರಲಿಲ್ಲ, ಜಾಗಕ್ಕಿತ್ತು. ಪಿಜಿ ಖಾಲಿ ಮಾಡಿ ಊರಿಗೆ ಹೋದ ಹುಡುಗಿಯೊಬ್ಬಳು ತಾರಸಿಯ ಸಿಂಟೆಕ್ಸ್ ಟ್ಯಾಂಕಿನ ಮರೆಯಲ್ಲಿ ಕೂತು ಪಿಸುಗುಡುತ್ತಿದ್ದಳು. ಯಾರ ನೆನಪನ್ನು ತೊಳೆಯಬೇಕಿತ್ತೋ ಅವರು ಕೆಳಗೆ ಟೀವಿ ನೋಡುತ್ತಿದ್ದರು. ಇದು ಇಲ್ಲಿ ಆಗುವ ಕೆಲಸವಲ್ಲ ಎಂದು ನಾನೇ ನಿಲ್ಲಿಸಿದೆ. ಉಳಿದ ತಿಂಗಳುಗಳಲ್ಲಿ ನಾವು ಬರೀ ಅವಳ ಬೆಕ್ಕಿನ ಬಗ್ಗೆ, ಊಟದ ಬಗ್ಗೆ, ಬೆಂಗಳೂರಿಗೆ ಯಾವಾಗ ವಾಪಸು ಎಂಬುದರ ಬಗ್ಗೆ ಮಾತಾಡಿದೆವು. ಆ ಮಾತುಕತೆಗೆ ಫೀಸು ಪಡೆಯಲು ನಾಚಿಕೆಯಾಗಿತ್ತು. ಅದೇ ತನ್ನನ್ನು ಉಳಿಸಿತೆಂದು ಅವಳು ಆಮೇಲೆ ಹೇಳಿದಳು.

2021ರಲ್ಲಿ ಇಂಗ್ಲೆಂಡಿನ ರಾಜಕುಮಾರ ಹ್ಯಾರಿ ಒಂದು ಸಾಕ್ಷ್ಯಚಿತ್ರದಲ್ಲಿ ಈ ಚಿಕಿತ್ಸೆ ಮಾಡಿಸಿಕೊಳ್ಳುವುದನ್ನು ಜನ ನೋಡಿದರು. ವಶೀಕರಣದ ಪ್ರಶ್ನೆ ಅಲ್ಲಿಗೆ ಸತ್ತಿತು. ಈಗ ಬರುವವರು ಕೂರುವ ಮುಂಚೆಯೇ, “ಇಎಂಡಿಆರ್ ಮಾಡ್ತೀರಾ? ಎಷ್ಟು ಸೆಷನ್ ಪ್ಯಾಕೇಜ್?” ಎಂದು ಕೇಳುತ್ತಾರೆ. ಅಂಗೈಯಲ್ಲಿ ಎಡ ಬಲ ಗುಂಯ್ಗುಡುವ ಪುಟ್ಟ ಯಂತ್ರ ನನ್ನ ಬಳಿಯೂ ಇದೆ. ಭುಜಕ್ಕೆ ಆರಾಮ.

ತಂಗಿ ಕಳೆದ ವರ್ಷ ಮತ್ತೆ ಬಂದರು. ಕೂದಲು ನರೆತಿದೆ. ಯಂತ್ರವನ್ನು ನೋಡಿ, “ಅದು ಬೇಡ” ಅಂದರು. ಬೆರಳೂ ಬೇಡವಂತೆ. ಕೂತು ಮಾತಾಡುತ್ತೇವೆ, ಅಷ್ಟೇ. ಒಂದು ದಿನ ಕೇಳಿದರು: “ಅಕ್ಕಂಗ್ ಆಯ್ತಲ್ಲ ಮೇಡಂ, ನಂಗ್ಯಾಕ್ ಆಗ್ಲಿಲ್ಲ?”

ನಾನು ಅವಸರ ಮಾಡಿದ್ದನ್ನು ಹೇಳಿದೆ. ಅದೊಂದೇ ಕಾರಣವೋ ಅಲ್ಲವೋ ಗೊತ್ತಿಲ್ಲ ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. ಕೆಳಗೆ ಜೆರಾಕ್ಸ್ ಅಂಗಡಿ ಹೋಗಿ ಮೊಬೈಲ್ ಅಂಗಡಿಯಾಗಿದೆ, ಅದರ ಹಾಡು ಮೇಲಕ್ಕೆ ಕೇಳುತ್ತದೆ.

“ಮುಂದಿನ್ ಗುರುವಾರ ನಾಲ್ಕಕ್ಕೇ ಬರ್ಲಾ?” ಅಂದರು. ಡೈರಿಯಲ್ಲಿ ಬರೆದುಕೊಂಡೆ.