ಸದ್ದಿಲ್ಲದ ದಾರಿ

ನಮ್ಮ ಕಾಲೇಜಿಗೆ ಬೈಸಿಕಲ್ಲಿನ ಮೇಲೆ ಬರುವ ಅಧ್ಯಾಪಕ ನಾನೊಬ್ಬನೇ. ಮೋಟಾರು ಸೈಕಲ್ಲುಗಳ ಮೇಲೆ ಬರುವ ವಿದ್ಯಾರ್ಥಿಗಳು ಗೇಟಿನ ಬಳಿ ನನ್ನನ್ನು ದಾಟುವಾಗ ಗೌರವದಿಂದ ವೇಗ ತಗ್ಗಿಸುತ್ತಾರೆ; ಆ ಗೌರವದಲ್ಲಿ ಮರುಕದ ಪಾಲೆಷ್ಟೆಂದು ನಾನು ಲೆಕ್ಕ ಹಾಕಲು ಹೋಗಿಲ್ಲ. ಎಂ.ಎ. ಮಾಡಿದವರು ಒಂದು ಸ್ಕೂಟರನ್ನಾದರೂ ಕೊಳ್ಳಬಾರದೇ ಎಂದು ನೆರೆಮನೆಯವರು ನನ್ನ ಮನೆಯಾಕೆಯನ್ನು ಕೇಳಿದ್ದುಂಟು. “ಅವರಿಗೆ ಅದೊಂದು ಹುಚ್ಚು” ಎಂದು ಆಕೆ ಉತ್ತರ ಕೊಟ್ಟಳಂತೆ. ಉತ್ತರದಲ್ಲಿ ತಪ್ಪೇನೂ ಇಲ್ಲ.

ಆ ಹುಚ್ಚು ಕೆರಳುವುದು ಭಾನುವಾರ ಬೆಳಗ್ಗೆ. ಹೊಸಪೇಟೆಯಿಂದ ಯಾವ ದಿಕ್ಕಿಗೆ ಹೊರಟರೆ ಲಾರಿಯ ಹಾರನ್ನು ಕೇಳಿಸುವುದಿಲ್ಲ ಎಂಬ ವಿಷಯದಲ್ಲಿ ನಾನು ಹತ್ತಾರು ವರ್ಷ ಸಂಶೋಧನೆ ನಡೆಸಿದ್ದೇನೆ. ಇದರ ಅರ್ಧದಷ್ಟು ಶ್ರದ್ಧೆಯನ್ನು ಪಿಎಚ್.ಡಿ. ಪ್ರಬಂಧಕ್ಕೆ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಹೆಸರಿನ ಹಿಂದೆ ‘ಡಾ.’ ಎಂದು ಬರೆದುಕೊಳ್ಳಬಹುದಾಗಿತ್ತು.

ಹಂಪಿಯ ದಾರಿಯಲ್ಲಿ ಆ ಭಾಗ್ಯವಿಲ್ಲ. ಸುಮಾರು 1520ರಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಂದಿನ ಹೊಸಪೇಟೆಯಾದ ನಾಗಲಾಪುರದಿಂದ ವಿಜಯನಗರದವರೆಗಿನ ಮಾರ್ಗದುದ್ದಕ್ಕೂ ಮನೆಗಳೂ ಅಂಗಡಿಗಳೂ ಇದ್ದುವೆಂದು, ದಾರಿಹೋಕರ ನೆರಳಿಗಾಗಿ ಅರಸನು ಮರಗಳನ್ನು ನೆಡಿಸಿದ್ದನೆಂದು ಬರೆದಿಟ್ಟಿದ್ದಾನೆ. ಅಂದರೆ ಕೃಷ್ಣದೇವರಾಯನ ಕಾಲಕ್ಕೇ ಅದು ಗದ್ದಲದ ದಾರಿ! 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಕೇಳುವುದೇ ಬೇಡ. ರಜೆಯ ದಿನಗಳಲ್ಲಿ ಬಸ್ಸು ಕಾರುಗಳ ಮೆರವಣಿಗೆಯೇ ಹೊರಡುತ್ತದೆ. ಅಂಗಡಿಗಳು ಈಗಲೂ ಉಂಟು. ಅರಸನ ಮರಗಳನ್ನು ಹುಡುಕಬೇಕು.

ಸದ್ದಿಲ್ಲದ ದಾರಿಯ ಗುಟ್ಟನ್ನು ನನಗೆ ಹೇಳಿಕೊಟ್ಟದ್ದು ಒಂದು ಮುಳ್ಳು. ಕಮಲಾಪುರದ ಕೆರೆಯನ್ನು ದಾಟಿ ಸ್ವಲ್ಪ ದೂರ ಹೋಗಿದ್ದೆ. ಹಿಂದಿನ ಚಕ್ರ ಉಸಿರು ಬಿಟ್ಟಿತು. ನಮ್ಮ ಸೀಮೆಯ ಹೆಸರನ್ನೇ ಹೊತ್ತು ನಾಡೆಲ್ಲ ಹಬ್ಬಿರುವ ಬಳ್ಳಾರಿ ಜಾಲಿಯ ಮಹಿಮೆ ಅದು. ಪಂಕ್ಚರು ಹಾಕುತ್ತ ಕುಳಿತಿರುವಾಗ ಗದ್ದೆಗೆ ನೀರು ತಿರುಗಿಸಲು ಬಂದ ಹಿರಿಯರೊಬ್ಬರು ನಿಂತು ನೋಡಿದರು. ಕಂಪ್ಲಿಯ ಕಡೆಗೆ ಏರಿಲ್ಲದ ದಾರಿ ಯಾವುದೆಂದು ಕೇಳಿದೆ.

“ನೀರು ಹೋದಂಗ ಹೋಗ್ರಿ ಸಾರ್. ನೀರಿಗೆ ಏರು ಹತ್ತಾಕ ಬರಂಗಿಲ್ಲ” ಎಂದರು.

ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲ! ವಿಜಯನಗರದ ಅರಸರ ಕಾಲದ ತುರುತ್ತು, ಬಸವಣ್ಣ, ರಾಯ ಮೊದಲಾದ ಕಾಲುವೆಗಳು ಈಗಲೂ ಹರಿಯುತ್ತಿವೆ. ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿ, ಪಕ್ಕದಿಂದ ನೀರನ್ನು ಹೊರಳಿಸಿ, ಕಂಡೂ ಕಾಣದಷ್ಟು ಇಳಿಜಾರಿನಲ್ಲಿ ಅದನ್ನು ಬಂಡೆಗುಡ್ಡಗಳ ಬುಡ ಬಳಸಿಕೊಂಡು ಕರೆದೊಯ್ದರು ಆ ಕಾಲದವರು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಂದಿನಿಂದ ಇವುಗಳಲ್ಲಿ ಕೆಲವಕ್ಕೆ ನೀರು ಅಲ್ಲಿಂದಲೇ ಬರುತ್ತದೆ. ಆದರೆ ನೀರಿನ ನಡಿಗೆ ಬದಲಾಗಿಲ್ಲ. ಕಾಲುವೆಗೂ ಸೈಕಲ್ಲು ತುಳಿಯುವವನಿಗೂ ಸ್ವಭಾವ ಒಂದೇ: ಇಬ್ಬರಿಗೂ ಏರು ಆಗದು, ಗುಡ್ಡ ಎದುರಾದರೆ ಇಬ್ಬರೂ ಸುತ್ತಿಕೊಂಡು ಹೋಗುವವರೇ. ಎಂಜಿನ್ನಿನ ಬಲವಿರುವ ಲಾರಿಗೆ ಆ ವಿನಯವೆಲ್ಲಿಯದು? ಅಲ್ಲದೆ ಕಾಲುವೆಯ ಏರಿಯ ಮೇಲೆ ಅದು ಹಿಡಿಸುವುದೂ ಇಲ್ಲ.

ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ 1681ರಲ್ಲಿ ಸಂಚಾರಕ್ಕೆ ತೆರೆದ ‘ಕನಾಲ್ ದ್ಯು ಮಿದಿ’ ಎಂಬ ಕಾಲುವೆಯಿದೆ. ದೋಣಿಗಳನ್ನು ಎಳೆಯುವ ಕುದುರೆಗಳಿಗೆಂದು ಅದರ ದಡದಲ್ಲಿದ್ದ ಹಾದಿಯ ಮೇಲೆ ಈಗ ಜನ ಸೈಕಲ್ಲು ತುಳಿಯುತ್ತ ರಜೆ ಕಳೆಯುತ್ತಾರೆ. ಚಿತ್ರಗಳಲ್ಲಿ ನೋಡಿ ನನಗೂ ಆಸೆಯಾದದ್ದು ನಿಜ. ಆದರೆ ನಮ್ಮ ಕಾಲುವೆಗಳು ಅದಕ್ಕಿಂತ ಹಿರಿಯವು ಎಂದು ನೆನೆದು ಸಮಾಧಾನ ಪಟ್ಟುಕೊಂಡೆ. ಪ್ರಯಾಣದ ಖರ್ಚೂ ಉಳಿಯಿತು.

ಹಿರಿಯರು ಹೇಳಿದಂತೆ ನೀರನ್ನು ಹಿಡಿದು ಹೋದೆ. ಬುಕ್ಕಸಾಗರ, ರಾಮಸಾಗರ, ಆಮೇಲೆ ಕಂಪ್ಲಿ. ಒಂದು ಕಡೆ ಬಾಳೆಯ ತೋಟ, ಇನ್ನೊಂದು ಕಡೆ ಕಬ್ಬು, ನಡುನಡುವೆ ಭತ್ತದ ಗದ್ದೆ. ಮೇಲೆ ಯಾರೋ ಒಟ್ಟಿ ಮರೆತುಹೋದಂತಿರುವ ಬಂಡೆಗಳ ರಾಶಿ. ಎದುರಿಗೆ ಬಂದವು ಎರಡು ಟ್ರಾಕ್ಟರು ಮತ್ತು ಎಮ್ಮೆಗಳ ಒಂದು ಹಿಂಡು. ಎಮ್ಮೆಗಳಿಗೆ ನಾನೇ ದಾರಿ ಬಿಟ್ಟೆ. ಆಷಾಢದಲ್ಲಿ ಮಾತ್ರ ಈ ದಾರಿಯಲ್ಲೊಂದು ಮೋಸವುಂಟು. ಪಡುವಣ ಗಾಳಿ ಹಿಂದಿನಿಂದ ನೂಕಿ ಅರಸನಂತೆ ಕಂಪ್ಲಿಗೆ ಮುಟ್ಟಿಸುತ್ತದೆ. ಮರಳುವಾಗ ಅದೇ ಗಾಳಿ ಎದೆಗೆ ಕೈಕೊಟ್ಟು ನಿಲ್ಲಿಸುತ್ತದೆ.

ಇಷ್ಟೆಲ್ಲ ಇದ್ದರೂ ನಾನು ಕಂಡ ದಾರಿಗಳಲ್ಲೆಲ್ಲ ಚೆಲುವಾದದ್ದು ಸಂಡೂರಿನದು. ಅದನ್ನು ಹೇಳದೆ ಹೋದರೆ ಅಪ್ರಾಮಾಣಿಕತೆಯಾದೀತು.

2011ರಲ್ಲಿ, ಎಂ.ಎ. ಮುಗಿಸಿದ ಹೊಸತರಲ್ಲಿ, ಸಂಡೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರು. ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅದಿರಿನ ಲಾರಿಗಳ ಕಾಲ ಅದು. ರಸ್ತೆಯ ಬದಿಯ ಬೇವಿನ ಎಲೆ ಕೆಂಪು, ಗುಡಿಸಲಿನ ಮಾಡು ಕೆಂಪು, ಶಾಲೆಗೆ ಹೋಗುವ ಮಕ್ಕಳ ರೆಪ್ಪೆ ಕೆಂಪು. ಗುಡ್ಡಗಳನ್ನು ಅಗೆದ ರೀತಿಯನ್ನು ಲೋಕಾಯುಕ್ತರ ವರದಿ ಆ ವರ್ಷವೇ ನಾಡಿನ ಮುಂದಿಟ್ಟಿತು. ಜುಲೈ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಲಾರಿಗಳ ಸಾಲು ಕರಗಿತು.

ಮಳೆ ಬಂದು ಎಲೆಗಳನ್ನು ತೊಳೆಯಿತು. ಸೆಪ್ಟೆಂಬರಿನ ಒಂದು ಭಾನುವಾರ ಸೈಕಲ್ಲು ಹತ್ತಿ ಹೊರಟೆ. ಸಂಡೂರಿನ ಬೆಟ್ಟಗಳು ಅಷ್ಟು ಹಸಿರೆಂದು ನನಗೆ ಗೊತ್ತೇ ಇರಲಿಲ್ಲ. ಮೋಡ ಗುಡ್ಡದ ನೆತ್ತಿಯನ್ನು ಸವರಿಕೊಂಡು ಹೋಗುತ್ತಿತ್ತು. ಝರಿಯ ಸದ್ದು ರಸ್ತೆಗೇ ಕೇಳುತ್ತಿತ್ತು. ನರಿಹಳ್ಳ ಬೆಟ್ಟವನ್ನು ಸೀಳಿ ಮಾಡಿಕೊಂಡ ಗಂಡಿಯವರೆಗೂ ಹೋಗಿ, ಒಂದು ಗಂಟೆ ಸುಮ್ಮನೆ ಕುಳಿತು ಬಂದೆ. ಇಡೀ ದಾರಿ ನನ್ನೊಬ್ಬನಿಗಾಗಿಯೇ ಹಾಸಿದಂತಿತ್ತು.

ಹಿಂದಿರುಗುವಾಗ ಚಹಾದಂಗಡಿಯೊಂದರ ಮುಂದೆ ನನ್ನ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಹಳಗನ್ನಡವನ್ನು ತಡವರಿಸದೆ ಓದುತ್ತಿದ್ದ ಹುಡುಗ. ತಿಂಗಳಿಂದ ತರಗತಿಗೆ ಬಂದಿರಲಿಲ್ಲ. ಅಂಗಡಿಯ ಹಿಂದಿನ ಬಯಲಿನಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ನನಗೆ ಅವು ಕಾಣಿಸಲಿಲ್ಲವೋ, ಕಂಡೂ ಅರ್ಥವಾಗಲಿಲ್ಲವೋ! “ಈಗ ನಿಮ್ಮ ರಸ್ತೆ ಎಷ್ಟು ಚೆಂದವಾಗಿದೆಯಪ್ಪ! ಒಂದು ಸದ್ದಿಲ್ಲ, ಧೂಳಿಲ್ಲ” ಎಂದೆ.

“ಚೆಂದ ಐತ್ರಿ ಸರ್” ಎಂದು ಅವನು ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿನ ಮೇಲೆ, “ಅದು ನಮ್ಮ ಗಾಡಿರಿ, ಆ ತುದೀದು. ಕಂತು ಕಟ್ಟಿಲ್ಲ. ಬರೋ ವಾರ ಒಯ್ತಾರಂತ” ಎಂದ.

ಅಪ್ಪ ಕೂಲಿ ಹುಡುಕಿಕೊಂಡು ಬೇರೆ ಊರಿಗೆ ಹೋಗಿದ್ದರಂತೆ. ನನ್ನ ಚಹಾದ ಹಣವನ್ನೂ ಅವನೇ ಕೊಟ್ಟ; ಬೇಡವೆಂದರೂ ಕೇಳಲಿಲ್ಲ.

ಗುಡ್ಡವನ್ನು ಬೇಕಾಬಿಟ್ಟಿ ಅಗೆದದ್ದು ಅನ್ಯಾಯವೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಕೋರ್ಟು ತಡೆದದ್ದು ಸರಿ. ಆದರೆ ಆ ಸಂಜೆ ಹೊಸಪೇಟೆಯ ತನಕ ನಾನು ತುಳಿದ ನಿಶ್ಶಬ್ದವಿತ್ತಲ್ಲ, ಅದು ಯಾರ ಮನೆಯ ಒಲೆಯದು ಎಂಬ ಪ್ರಶ್ನೆ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಂತೆ ಬರುತ್ತಲೇ ಇತ್ತು. ಹುಡುಗ ಆ ವರ್ಷ ಪರೀಕ್ಷೆಗೆ ಕೂರಲಿಲ್ಲ. ನಾನು ಅವನ ಮನೆಯನ್ನು ಹುಡುಕಿಕೊಂಡು ಹೋಗಬಹುದಾಗಿತ್ತು, ಹೋಗಲಿಲ್ಲ.

2013ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅತಿಕ್ರಮದ ಗಣಿಗಳ ಗುತ್ತಿಗೆಯನ್ನು ರದ್ದುಪಡಿಸಿ, ಉಳಿದವಕ್ಕೆ ನಿಬಂಧನೆಗಳನ್ನು ಹಾಕಿ ದಾರಿ ಮಾಡಿತು. ಲಾರಿಗಳು ಮರಳಿದವು. ಮೂರು ವರ್ಷದ ಮೇಲೆ ಅಂಥದೊಂದು ಲಾರಿಯ ಗಾಳಿಗೆ ನಾನು ಸೈಕಲ್ಲಿನೊಡನೆ ಚರಂಡಿಗೆ ಬಿದ್ದು ಮೊಣಕೈ ಮುರಿದುಕೊಂಡೆ. ಸಂಡೂರಿನ ದಾರಿಯನ್ನು ಇನ್ನು ತುಳಿಯುವುದಿಲ್ಲವೆಂದು ಮನೆಯಾಕೆಗೆ ಮಾತು ಕೊಟ್ಟದ್ದು ಆಗ. ಅಂದಿನಿಂದ ಕಾಲುವೆಯೇ ಗತಿ. ಅದರ ನಿಶ್ಶಬ್ದಕ್ಕೆ ಯಾರೂ ಕಂತು ಕಟ್ಟಬೇಕಾಗಿಲ್ಲ.

ಮಾತು ಕೊಟ್ಟವನು ಹೋದ ತಿಂಗಳು ತಪ್ಪಿದೆ. ಮಳೆ ಚೆನ್ನಾಗಿ ಬಂದಿತ್ತು. ಸಂಡೂರಿನ ಬೆಟ್ಟಗಳು ಹೇಗಿವೆಯೋ ಎಂಬ ಆಸೆ ತಡೆಯಲಾಗಲಿಲ್ಲ. ಏರಿನಲ್ಲಿ ಏದುಸಿರು ಬಿಡುತ್ತ ತುಳಿಯುತ್ತಿದ್ದೆ. ಹಿಂದೆ ಒಂದು ಲಾರಿ ಬಂತು. ಹಾರನ್ನಿಲ್ಲ, ನನ್ನ ವೇಗಕ್ಕೇ ತನ್ನನ್ನು ತಗ್ಗಿಸಿಕೊಂಡು ಏರು ಮುಗಿಯುವವರೆಗೂ ಹಿಂದೆಯೇ ಬಂತು. ರಸ್ತೆ ಅಗಲವಾದ ಕಡೆ ಪಕ್ಕಕ್ಕೆ ಬಂದು ನಿಂತಿತು. ಮೀಸೆ ಬಿಟ್ಟಿದ್ದ, ದಪ್ಪಗಾಗಿದ್ದ. ಆದರೂ ಗುರುತು ಹತ್ತಿತು.

“ಇನ್ನೂ ಸೈಕಲ್ ಮ್ಯಾಲೇ ಅದೀರೇನ್ರಿ ಸರ್?”

ಗಾಡಿ ನಿನ್ನದೇ ಏನಪ್ಪ ಎಂದು ಕೇಳಿದೆ. ತನ್ನದೇ ಎಂದ, ಇನ್ನು ಎಂಟು ಕಂತು ಉಳಿದಿದೆಯಂತೆ. ಬಹು ವರ್ಷಗಳಿಂದ ಹೇಳಬೇಕೆಂದಿದ್ದ ಮಾತೊಂದಿತ್ತು; ಆದರೆ ಹಿಂದೆ ಬೇರೆ ಲಾರಿಗಳು ಬಂದು ಕೂಗತೊಡಗಿದವು.

“ಇಲ್ಲೇ ಸ್ವಲ್ಪ ನಿಂತು ಬರ್ರಿ ಸರ್, ನಾವು ಹೋದ ಮ್ಯಾಲೆ. ಧೂಳ ಭಾಳ ಬರ್ತೈತಿ” ಎಂದು ಹೇಳಿ ಗೇರು ಹಾಕಿದ.

ಮನೆ ಸೇರಿದಾಗ ಮನೆಯಾಕೆ ಬಾಗಿಲಿನಲ್ಲೇ ನಿಂತಿದ್ದಳು. ಕಂಪ್ಲಿಯ ಕಡೆ ಹೋಗಿದ್ದೆನೆಂದು ಹೇಳಿದೆ. ಆಕೆ ನನ್ನ ಅಂಗಿಯ ಕಾಲರನ್ನು ಎರಡು ಬೆರಳುಗಳಿಂದ ಹಿಡಿದೆತ್ತಿ, ದೀಪದ ಬೆಳಕಿಗೆ ತಿರುಗಿಸಿ ಕೇಳಿದಳು:

“ಕಾಲುವೆಯ ದಾರಿಯಲ್ಲಿ ಕೆಂಪು ಧೂಳು ಯಾವಾಗಿನಿಂದ?”