ರಕ್ತವನ್ನು ಓದುವ ಯಂತ್ರ

ಕನ್ನಡ ಮಾಷ್ಟ್ರಿಗೆ ರಕ್ತಪರೀಕ್ಷೆಯ ಮಾತೇಕೆ ಎಂದು ನೀವು ನಗಬಹುದು. ನಾಲ್ಕು ವರ್ಷಗಳ ಹಿಂದೆಯಾದರೆ ನಾನೂ ನಗುತ್ತಿದ್ದೆ.

ಆ ಮಳೆಗಾಲದಲ್ಲಿ ನನ್ನ ತಂಗಿಯ ಮಗ ಐದನೆಯ ತರಗತಿಯಲ್ಲಿದ್ದ. ಗುಡ್ಡದ ಮೇಲಿನ ಶಾಲೆಗೆ ಓಡುತ್ತಲೇ ಹೋಗುತ್ತಿದ್ದ ಹುಡುಗ ನಡುದಾರಿಯಲ್ಲಿ ಕಲ್ಲಿನ ಮೇಲೆ ಕುಳಿತುಬಿಡತೊಡಗಿದ. ಮುಖ ಬಿಳಿಚಿಕೊಂಡಿತ್ತು, ಬಿಟ್ಟು ಬಿಟ್ಟು ಜ್ವರ ಬರುತ್ತಿತ್ತು. "ಹರಿವೆ, ಬಸಳೆ ಮುಟ್ಟದವನಿಗೆ ರಕ್ತ ಎಲ್ಲಿಂದ ಬರಬೇಕು?" ಎಂದು ಗದರಿ, ನಾನೇ ಅಂಗಡಿಯಿಂದ ಕಬ್ಬಿಣಾಂಶದ ಟಾನಿಕ್ ತಂದುಕೊಟ್ಟೆ. ಕಾಲಿನ ಮೇಲಿನ ನೀಲಿ ಕಲೆಗಳನ್ನು ಕಂಡು, "ಆಟದಲ್ಲಿ ಬಿದ್ದಿರಬೇಕು" ಎಂದೆ. ಹೀಗೆ ಮೂರು ವಾರ ಕಳೆದವು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ಬಂದ ರಕ್ತ ನಿಲ್ಲಲೇ ಇಲ್ಲ. ಊರಿನ ವೈದ್ಯರು ರಕ್ತಕಣಗಳನ್ನು ಎಣಿಸುವ ಪರೀಕ್ಷೆ ಮಾಡಿಸಿ, ವರದಿ ನೋಡಿದವರೇ, "ಈಗಲೇ ಮಂಗಳೂರಿಗೆ ಹೊರಡಿ" ಎಂದರು.

ಅಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ರಕ್ತದ ಕ್ಯಾನ್ಸರ್ ಎಂದರು. ತಂಗಿ ಗೋಡೆಗೊರಗಿ ಕುಳಿತುಬಿಟ್ಟಳು. "ಇದರಲ್ಲಿ ಹಲವು ಬಗೆಗಳಿವೆ. ಒಂದೊಂದಕ್ಕೆ ಒಂದೊಂದು ಚಿಕಿತ್ಸೆ. ಯಾವುದೆಂದು ಮೊದಲು ತಿಳಿಯಬೇಕು" ಎಂದ ವೈದ್ಯರು, ಸೊಂಟದ ಎಲುಬಿನಿಂದ ತುಸು ಮಜ್ಜೆ ತೆಗೆದು ಪರೀಕ್ಷೆಗೆ ಕಳುಹಿಸಿದರು. ಫ್ಲೋ ಸೈಟೋಮೆಟ್ರಿ ಎಂಬ ಹೆಸರನ್ನು ನಾನು ಕೇಳಿದ್ದು ಅಂದೇ ಮೊದಲು.

ಎರಡು ದಿನಗಳ ಮೇಲೆ ವರದಿ ಬಂತು. ಇಂಗ್ಲಿಷ್ ಅಕ್ಷರಗಳು, ಅಂಕೆಗಳು, ಚುಕ್ಕೆಗಳ ಚಿತ್ರಗಳು. "ಅಣ್ಣಾ, ನೀನು ಓದಿದವನಲ್ಲವೇ? ಏನಿದೆ ಹೇಳು" ಎಂದಳು ತಂಗಿ. ಎರಡು ಭಾಷೆಗಳಲ್ಲಿ ಕಲಿತು, ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಅದರಲ್ಲಿ ಒಂದು ಸಾಲೂ ಅರ್ಥವಾಗಲಿಲ್ಲ. ಸಂಕೋಚ ಬಿಟ್ಟು ಪ್ರಯೋಗಾಲಯದ ವೈದ್ಯೆಯೊಬ್ಬರ ಬಾಗಿಲಲ್ಲಿ ನಿಂತೆ. ಅವರು ಬೇಸರಿಸದೆ ತಿಳಿಸಿ ಹೇಳಿದರು.

ಜೀವಕೋಶಗಳಲ್ಲಿ ಅವುಗಳ ಕುಲವನ್ನೂ ಎಳೆತನವನ್ನೂ ಸೂಚಿಸುವ ಪ್ರೋಟೀನುಗಳಿರುತ್ತವೆ. 'ಸಿಡಿ' ಎಂಬುದರ ಮುಂದೆ ಒಂದು ಸಂಖ್ಯೆ ಸೇರಿಸಿ ಅವುಗಳನ್ನು ಹೆಸರಿಸುವ ಕ್ರಮ 1982ರ ಪ್ಯಾರಿಸ್ ಸಮ್ಮೇಳನದಿಂದ ಬಂದುದು. ಒಂದೊಂದು ಗುರುತಿಗೆ ಮಾತ್ರ ಅಂಟುವ ಪ್ರತಿಕಾಯಗಳಿಗೆ ಹೊಳೆಯುವ ಬಣ್ಣ ಸೇರಿಸಿ, ಮಜ್ಜೆಯೊಡನೆ ಬೆರೆಸುತ್ತಾರೆ. ಬಳಿಕ ಕೋಶಗಳು, ಪ್ರಾರ್ಥನೆಗೆ ಸಾಲಾಗಿ ಬರುವ ಮಕ್ಕಳಂತೆ, ಸಪುರವಾದ ದ್ರವಧಾರೆಯಲ್ಲಿ ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾದುಹೋಗುತ್ತವೆ. ಮುಂದಕ್ಕೆ ಚದರಿದ ಬೆಳಕಿನಿಂದ ಕೋಶದ ಗಾತ್ರ, ಪಕ್ಕಕ್ಕೆ ಚದರಿದ ಬೆಳಕಿನಿಂದ ಅದರ ಒಳರಚನೆ, ಹೊಳೆಯುವ ಬಣ್ಣದಿಂದ ಅದರ ಗುರುತು ತಿಳಿಯುತ್ತದೆ. ಸೆಕೆಂಡಿಗೆ ಸಾವಿರಾರು ಕೋಶಗಳನ್ನು ಯಂತ್ರ ಹೀಗೆ ಓದಬಲ್ಲುದು.

ಇದು ಒಬ್ಬರ ಸಾಧನೆಯಲ್ಲ. ಕಣಗಳನ್ನು ಒಂದೊಂದಾಗಿ ಹರಿಸಿ ಎಣಿಸುವ ವಿಧಾನಕ್ಕೆ ಅಮೆರಿಕದ ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದರು. 1960ರ ದಶಕದ ಕೊನೆಗೆ ಜರ್ಮನಿ ಮತ್ತು ಅಮೆರಿಕದ ವಿಜ್ಞಾನಿಗಳು ಹೊಳೆಯುವ ಬಣ್ಣವನ್ನು ಗುರುತಿಸುವ ಯಂತ್ರಗಳನ್ನು ರೂಪಿಸಿದರು. ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು 1975ರಲ್ಲಿ ತೋರಿಸಿದ ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1984ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಹೊರಗೆ ಬಂದು, ನನಗೆ ಗೊತ್ತಿದ್ದ ದಾರಿಯಲ್ಲೇ ತಂಗಿಗೆ ಹೇಳಿದೆ: "ನೋಡು, 'ಕಾಡು' ಎಂದಷ್ಟೇ ಬರೆದರೆ ಮರಗಳಿರುವ ಕಾಡೋ, ಪೀಡಿಸುವುದೋ ತಿಳಿಯದು. 'ಕಾಡಿನಲ್ಲಿ' ಎಂದರೆ ಒಂದು, 'ಕಾಡಿತು' ಎಂದರೆ ಇನ್ನೊಂದು. ಪ್ರತ್ಯಯ ನೋಡಿದರೆ ಗೊತ್ತಾಗುತ್ತದೆ. ನೋಡಲು ಒಂದೇ ತೆರನಾಗಿರುವ ಕೋಶಗಳಿಗೂ ಹಾಗೆ ಪ್ರತ್ಯಯಗಳಿವೆ. ನಮ್ಮ ಹುಡುಗನ ಕೋಶಗಳಲ್ಲಿ ಸಿಡಿ19, ಸಿಡಿ10, ಸಿಡಿ34 ಕಂಡಿವೆ. ಹಾಗಾಗಿ ಇದು ಬಿ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ. ಮಕ್ಕಳಿಗೆ ಹೆಚ್ಚಾಗಿ ಬರುವುದು ಇದೇ. ಸರಿಯಾದ ಚಿಕಿತ್ಸೆ ಸಿಕ್ಕಿದರೆ ಬಹಳ ಮಕ್ಕಳು ಗುಣವಾಗುತ್ತಾರಂತೆ." ಅವಳು ಕಣ್ಣೊರೆಸಿಕೊಂಡು, "ಹಾಗಾದರೆ ಔಷಧ ಯಾವಾಗ ಶುರು ಮಾಡುತ್ತಾರೆ?" ಎಂದು ಕೇಳಿದಳು. ಎರಡು ದಿನಗಳಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು.

ಚಿಕಿತ್ಸೆಯ ಮೊದಲ ಘಟ್ಟ ಮುಗಿದಾಗ ಮತ್ತೆ ಮಜ್ಜೆ ತೆಗೆದರು. ಹತ್ತು ಸಾವಿರ ಕೋಶಗಳ ನಡುವೆ ಒಂದು ಕೆಟ್ಟ ಕೋಶ ಅಡಗಿದ್ದರೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ವರದಿ ಬರುವ ತನಕ ನಮ್ಮ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ವರದಿಯಲ್ಲಿ ಅಂಥ ಕೋಶ ಕಾಣಲಿಲ್ಲ. ಆದರೂ ಔಷಧ ನಿಲ್ಲಿಸುವಂತಿರಲಿಲ್ಲ; ಎರಡೂವರೆ ವರ್ಷ ನಡೆಯಿತು. ಹುಡುಗನ ಕೂದಲು ಉದುರಿತು, ಒಂದು ವರ್ಷದ ಪಾಠ ತಪ್ಪಿತು. ಈಗ ಅವನು ಎಂಟನೆಯ ತರಗತಿಯಲ್ಲಿದ್ದಾನೆ. ಇಂದಿಗೂ ತಪಾಸಣೆಗೆ ಹೋಗಿ ಬರುತ್ತಾನೆ. "ಮಾವ, ನನ್ನ ಪ್ರತ್ಯಯ ಸರಿಯಾಗಿದೆಯೇ?" ಎಂದು ನನ್ನನ್ನು ಕೀಟಲೆ ಮಾಡುತ್ತಾನೆ.

ಹೆತ್ತವರಲ್ಲಿ ನನ್ನದೊಂದು ಬಿನ್ನಹ. ಬಿಳಿಚಿಕೊಂಡ ಮಕ್ಕಳಿಗೆಲ್ಲ ಈ ರೋಗವೆಂದು ಹೆದರಬೇಡಿ. ಹಲವರಿಗೆ ಕಬ್ಬಿಣಾಂಶದ ಕೊರತೆಯೇ ಇರುತ್ತದೆ. ಆದರೆ ಬಿಡದ ಜ್ವರ, ಕಾರಣವಿಲ್ಲದ ನೀಲಿ ಕಲೆ, ವಸಡಿನ ರಕ್ತ ಕಂಡಾಗ ನನ್ನಂತೆ ಮನೆಯಲ್ಲೇ ತೀರ್ಪು ಕೊಡದೆ ವೈದ್ಯರ ಬಳಿಗೆ ಹೋಗಿ. ವಿದ್ಯಾರ್ಥಿಗಳೇ, ತಿಳಿಯದ್ದನ್ನು ತಿಳಿದವರ ಬಾಗಿಲಿಗೆ ಹೋಗಿ ಕೇಳಿ. ಕೇಳಿ ತಿಳಿದದ್ದನ್ನು ಮನೆಯವರಿಗೆ ಮನೆಯ ಮಾತಿನಲ್ಲಿ ಹೇಳಿ. ಹುಡುಗ ಗುಣವಾಗಿದ್ದಾನೆ. ಆದರೆ ಆ ಮೂರು ವಾರಗಳನ್ನು ನಾನು ಇನ್ನೂ ಮರೆತಿಲ್ಲ.