ಹೊಳಿ ದಾಟಿ ಬಂದಾಕಿ

ಮನೆತನದ ಬೇರು ಹುಡುಕುವವನಿಗೆ ಸಜ್ಜನ ಹಿರಿಯರಿಂದ ಮೂರು ಕಾಸಿನ ಉಪಯೋಗವಿಲ್ಲ. ಹೊತ್ತಿಗೆ ಸರಿಯಾಗಿ ಕಂದಾಯ ಕಟ್ಟಿ, ಅಣ್ಣತಮ್ಮಂದಿರೊಡನೆ ಹೊಂದಿಕೊಂಡು, ಯಾರ ಬದುವನ್ನೂ ಒತ್ತದೆ ಬಾಳಿದವರು ಒಂದು ಗೆರೆಯನ್ನೂ ಉಳಿಸದೆ ಹೋಗಿಬಿಡುತ್ತಾರೆ. ಕೋರ್ಟು ಹತ್ತಿದವರು, ಸಾಲ ಮಾಡಿದವರು, ದತ್ತಕಕ್ಕೆ ತಕರಾರು ತೆಗೆದವರು ಮಾತ್ರ ಅಪ್ಪನ ಹೆಸರು, ವಯಸ್ಸು, ವಸ್ತಿ ಸಮೇತ ಸಿಗುತ್ತಾರೆ. ನಮ್ಮ ಮುತ್ತಜ್ಜ ಅಂಥವನು. ಅವನ ದಾವೆಗಳ ಕಾಗದ ಒಂದು ಟ್ರಂಕು ತುಂಬ ಇದೆ. ಟ್ರಂಕು ದೊಡ್ಡಪ್ಪನ ಮಗನ ಮನೆಯಲ್ಲಿದೆ. ಅಣ್ಣ ಅದನ್ನು ತೆಗೆದು ತೋರಿಸುವ ಪೈಕಿ ಅಲ್ಲ.

ನನಗೆ ಬೇಕಾಗಿದ್ದವಳು ಮುತ್ತಜ್ಜನ ತಾಯಿ. ಅವಳ ಬಗ್ಗೆ ಮನೆಯಲ್ಲಿ ಉಳಿದಿರುವುದು ಒಂದೇ ಮಾತು: "ಬರದಾಗ ಮಗನ್ನ ಬಗಲಾಗ ಹೊತ್ಕೊಂಡು ಹೊಳಿ ದಾಟಿ ಬಂದಾಕಿ." ಬರ ಅಂದರೆ 1876ರ ಧಾತು ಸಂವತ್ಸರದ್ದು, ಮರುವರ್ಷ ಈಶ್ವರದಲ್ಲೂ ಅದು ಬಿಡಲಿಲ್ಲ. ಆಗಿನ ಕಲಾದಗಿ ಜಿಲ್ಲೆಯಲ್ಲಿ 1872ರ ಜನಗಣತಿಯಿಂದ 1881ರದಕ್ಕೆ ಬರುವಷ್ಟರಲ್ಲಿ ಐವರಲ್ಲಿ ಒಬ್ಬರಷ್ಟು ಜನ ಕಡಿಮೆಯಾಗಿದ್ದರು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂದು ಆ ಅಂಕಿ ಬಿಡಿಸಿ ಹೇಳುವುದಿಲ್ಲ. ನಮ್ಮಾಕೆ ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡಿದ ತಲೆ, ಅಷ್ಟೇ.

ಸುಗ್ಗಿ ಮುಗಿದ ಮೇಲೆ ಹೆಳವ ಬಂದ. ನಮ್ಮ ಕಡೆ ವಂಶಾವಳಿಯ ಕಾರಭಾರ ಅವರದು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಈತ ಬಂದದ್ದು ಮೋಟಾರ್ ಸೈಕಲ್ಲಿನ ಮೇಲೆ. ಕಟ್ಟೆಯ ಮೇಲೆ ಕೂತು ಹೊತ್ತಿಗೆ ಬಿಚ್ಚಿ, ಬೆಡಗಿನಿಂದ ಹಿಡಿದು ನನ್ನ ತಮ್ಮನ ಮಗನವರೆಗೆ ಒಂದೇ ಉಸಿರಿನಲ್ಲಿ ಓದಿದ. ಮುತ್ತಜ್ಜನ ಹಿಂದೆ ಮಾತ್ರ ಬರಿಯ ಹಾಳೆ.

"ಇವನವ್ವ ಯಾರು?" ಅಂದೆ.

"ಅದು ಹೊಳಿ ಆಚಿ ಹೆಳವರ ಪಾಲಿನ ಊರರಿ, ಯಪ್ಪಾ. ಅಲ್ಲ್ಯೂ ಆಕೀ ಹೆಸರು ಇರಾಕಿಲ್ಲ. ಹೊಲ ಯಾರ ಹೆಸರಿಗಿತ್ತು ಕೇಳ್ರಿ, ಹೇಳ್ತೇನಿ."

ಹೊತ್ತಿಗೆಯ ನೀತಿಯನ್ನು ಇದಕ್ಕಿಂತ ಚೊಕ್ಕಟವಾಗಿ ಯಾವ ಪಂಡಿತನೂ ಹೇಳಲಾರ. ಜೋಳ ಅಳೆದು ಹಾಕಿ ಕಳಿಸಿದೆವು.

ತಹಶೀಲ್ದಾರ ಕಚೇರಿಯ ನೀತಿಯೂ ಅದೇ. ಮುಂಬಯಿ ಇಲಾಖೆಯಲ್ಲಿ ಹಕ್ಕುಗಳ ದಾಖಲೆಗೆ ಕಾಯದೆ ಬಂದದ್ದು 1903ರಲ್ಲಿ. ಗಂಡ ತೀರಿ ಮಗ ಚಿಕ್ಕವನಿದ್ದರೆ 'ಮೈನರ್ ಗಾರ್ಡಿಯನ್ ತಾಯಿ' ಎಂದಾದರೂ ಹೆಂಗಸಿನ ಹೆಸರು ಉತಾರದಲ್ಲಿ ಹತ್ತುತ್ತದೆ. ಅಷ್ಟು ಹೊತ್ತಿಗೆ ನಮ್ಮ ಮುತ್ತಜ್ಜ ಮೀಸೆ ತಿರುವಿಕೊಂಡು ತಾನೇ ದಾವೆ ಹೂಡುವಷ್ಟು ಬೆಳೆದಿದ್ದ.

ನಾನು ಹಳೆಯ ಉತಾರ ತೆಗೆಸುತ್ತಿದ್ದೇನೆಂಬ ಸುದ್ದಿ ಮಾತ್ರ ನನಗಿಂತ ಮೊದಲೇ ಊರು ಮುಟ್ಟಿತ್ತು. ಅಣ್ಣನ ಫೋನು ಬಂತು.

"ಯಾವ ಸರ್ವೆ ನಂಬರ್ ಹುಡುಕಾಕತ್ತಿ, ತಮ್ಮಾ?"

ಮುತ್ತಜ್ಜನ ಅವ್ವನನ್ನು ಹುಡುಕುತ್ತಿದ್ದೇನೆಂದರೆ ನಂಬುವವರು ಯಾರು? ಪಾಲು ಕೇಳಲಿಕ್ಕೆ ಹಾದಿ ಮಾಡುತ್ತಿದ್ದಾನೆ ಎಂದೇ ಅವನ ಲೆಕ್ಕ. ಹೊಲವೆಲ್ಲ ತನ್ನ ಕಡೆಯ ಹಿರಿಯರೇ ದುಡಿದು ಗಳಿಸಿದ್ದೆಂದು ತೋರಿಸಲು, ಅಷ್ಟು ವರ್ಷ ಕೀಲಿ ಬಿದ್ದಿದ್ದ ಟ್ರಂಕನ್ನು ತಾನೇ ಕಾರಿನಲ್ಲಿ ಹಾಕಿಕೊಂಡು ಬಂದ. ದಾವೆ ಕಾಗದಗಳ ತಳದಲ್ಲಿ ಮೋಡಿ ಲಿಪಿಯದೊಂದು ಸಾಲಪತ್ರವಿತ್ತು.

ಧಾರವಾಡದಲ್ಲಿ ಮೋಡಿ ಬಲ್ಲ ಹಿರಿಯರೊಬ್ಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಶಕೆ 1804, ಚಿತ್ರಭಾನು ಸಂವತ್ಸರ, ಎಂದರೆ 1882. ಲಾವಣಿ ಹಾಕಿಕೊಂಡ ಹೊಲಕ್ಕೆ ಬೀಜದ ಜೋಳ ಒಯ್ದದ್ದು, ರಾಶಿಯಾದ ಮೇಲೆ ಬಡ್ಡಿ ಸಮೇತ ಅಳೆದುಕೊಡುವ ಕರಾರು. ಸಾಲಗಾರಳ ಹೆಸರು ಬೀಳುವಲ್ಲೇ ಕಾಗದದ ಮಡಿಕೆ ಸವೆದು ತೂತಾಗಿತ್ತು. ಉಳಿದದ್ದು ಕೊನೆಯ 'ವ್ವ' ಒಂದೇ. ನಮ್ಮ ಸೀಮೆಯಲ್ಲಿ ಅದರಿಂದ ಏನು ತಿಳಿದೀತು, ಯಾವ ಹೆಂಗಸಿನ ಹೆಸರು 'ವ್ವ'ದಲ್ಲಿ ಮುಗಿಯುವುದಿಲ್ಲ? ಕೆಳಗೆ ಸಹಿಯ ಜಾಗದಲ್ಲಿ ಒಂದು ಸಣ್ಣ ಸುತ್ತು ಬರೆದಿತ್ತು. ಶಾಯಿಯ ಹನಿ ಇರಬೇಕೆಂದುಕೊಂಡೆ. ಬಳೆಯ ನಿಶಾನಿ ಅದು ಎಂದರು ಹಿರಿಯರು. ಓದುಬರಹವಿಲ್ಲದ ಒಕ್ಕಲಿಗನಿಗೆ ನೇಗಿಲು, ಹೆಂಗಸಿಗೆ ಬಳೆ.

ಪಕ್ಕದಲ್ಲಿ ಕೂತಿದ್ದ ಅಣ್ಣನ ಮುಖ ಇಳಿದಿತ್ತು. "ಸಾಲ ಹಂಗಽ ಉಳದೈತೇನ್ರಿ?"

ಹಿರಿಯರು ಪತ್ರದ ತಲೆ ತೋರಿಸಿದರು. ಮೇಲಿನಿಂದ ಎರಡು ಬೆರಳಷ್ಟು ಹರಿದಿತ್ತು. ಸಾಲ ತೀರಿದಾಗ ಸಾಹುಕಾರ ಹೀಗೆ ಹರಿದು ಪತ್ರ ವಾಪಸು ಕೊಡುತ್ತಿದ್ದನಂತೆ. ತೀರದಿದ್ದರೆ ಕಾಗದ ನಮ್ಮ ಟ್ರಂಕಿಗೆ ಬರುತ್ತಲೇ ಇರಲಿಲ್ಲ.

"ಹಂಗಾದ್ರ ಹುಡುಕು, ತಮ್ಮಾ," ಅಂದ ಅಣ್ಣ. "ಇನ್ನೊಂದು ಟ್ರಂಕೂ ಐತಿ."